ಸರದಿ ನಿನ್ನ ಜೇಬಿನಲ್ಲಿತ್ತು

ಪ್ರೀತಿಯ ವೀರೇಶ,

ನಿನ್ನೆ ನಿನ್ನ ಕೊರಿಯರ್ ಬಂತು. ಒಳಗೆ ಹಳದಿ ಹಿಡಿಯ ನಮ್ಮ ಟೆಸ್ಟರ್, ಸುತ್ತಲೂ ಹಳೇ ಪೇಪರ್. ಎರಡು ವರ್ಷದ ಮೇಲೆ ಕಳಿಸಿದ್ದಕ್ಕೆ ಒಂದು ಸಾಲಾದರೂ ಬೇಡವೇ? ಪೇಪರನ್ನು ಬಿಡಿಸಿ, ತಿರುಗಿಸಿ ನೋಡಿದೆ; ಈರುಳ್ಳಿ ಧಾರಣೆ ಬಿಟ್ಟರೆ ಏನೂ ಸಿಗಲಿಲ್ಲ. ಸಿಟ್ಟು ಬಂತು. ಆಮೇಲೆ ಆ ಹಿಡಿಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತೆ. ಇದನ್ನು ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಮೀಟರ್ ಶೆಡ್ಡು ನೆನಪಿದೆಯಾ? ಪಕ್ಕದ ಪ್ರೆಸ್ಸಿನ ಸದ್ದಿಗೆ ಮೇಜಿನ ಆ ಬದಿ ನೀನು, ಈ ಬದಿ ನಾನು, ಇಬ್ಬರೂ ಒಟ್ಟಿಗೆ ಕೂಗುತ್ತಿದ್ದೆವು. ಅದಕ್ಕೇ ನಮ್ಮ ಸೂಪರ್‌ವೈಸರ್ ಗಿರಿರಾಜ್ ಸರ್ ಕಾಯಿದೆ ಮಾಡಿದರು: ಟೆಸ್ಟರ್ ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡಬೇಕು. ಮೀಟರುಗಳು ಒಂದಕ್ಕೊಂದು ಮಾತಾಡಲೆಂದು ನಾವು ಮಾಡುತ್ತಿದ್ದ ಸರ್ಕ್ಯೂಟ್ ಕಾರ್ಡುಗಳ ಕಥೆಯೂ ಅದೇ. ಇರುವುದು ಎರಡೇ ತಂತಿ, ಒಂದು ಮೀಟರ್ ಮಾತಾಡುವಾಗ ಉಳಿದ ಮೀಟರುಗಳು ಕೇಳಬೇಕು. ಮಾತಾಡುವ ಮುನ್ನ, ಕಳಿಸುವುದೋ ಕೇಳುವುದೋ ಎಂದು ತೀರ್ಮಾನಿಸುವ ದಿಕ್ಕಿನ ಪಿನ್ ಎತ್ತಬೇಕು, ಮುಗಿದೊಡನೆ ಇಳಿಸಬೇಕು. ಬೇಗ ಇಳಿಸಿದರೆ ಕೊನೆಯ ಅಕ್ಷರ ತುಂಡಾಗುತ್ತದೆ. ಇಳಿಸದೇ ಹಿಡಿದುಕೊಂಡರೆ ಆ ಕಡೆಯ ಉತ್ತರ ಬರುವುದೇ ಇಲ್ಲ. ಹೊಸಬಳಾದ ನನಗೆ ಇದನ್ನು ಕಲಿಸಿದವನು ನೀನು. “ಅವಸರ ಮಾಡಬ್ಯಾಡ ಚೈತ್ರಾ, ಪೂರ್ತಿ ಹೋಗ್ಲಿ, ಆಮ್ಯಾಲೆ ಬಿಡು” ಅನ್ನುತ್ತಿದ್ದೆ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಗದಗಿನ ಪಂಪ್‌ಹೌಸಿನಲ್ಲಿ ಕೆಲಸ ಸಿಕ್ಕಿ ನೀನು ಹೊರಟ ಸಂಜೆ, ನವರಂಗ್ ಟಾಕೀಸಿನ ಹತ್ತಿರ ಬಸ್ಸಿಗೆ ಕಾಯುತ್ತಾ ನಿನ್ನ ಜೇಬಿನಿಂದ ನೀನು ಟೆಸ್ಟರ್ ತೆಗೆದೆ. ನಾನು ನಕ್ಕೆ. ನೀನು ನಗಲಿಲ್ಲ. “ಚೈತ್ರಾ, ನೀ ಹೂಂ ಅಂದ್ರ ನಾ...” ಅಷ್ಟರಲ್ಲಿ ಬಸ್ಸು ಬಂತು. “ಬೇಗ ಹತ್ತಿ ಸಾರ್” ಎಂದು ಕ್ಲೀನರ್ ಬಾಗಿಲು ಬಡಿದ. ನೀನು ಟೆಸ್ಟರ್ ಜೇಬಿಗೆ ಹಾಕಿಕೊಂಡು ಹತ್ತಿಯೇಬಿಟ್ಟೆ. ಮಾತೂ ತುಂಡು, ಸರದಿಯೂ ನಿನ್ನ ಹತ್ತಿರವೇ. ಎರಡು ತಪ್ಪನ್ನೂ ಒಟ್ಟಿಗೆ ಮಾಡಿದವನು ನೀನೊಬ್ಬನೇ ಕಣೋ!

ಫೋನಿನಲ್ಲಿ ಮಳೆ, ಮೀಟರ್, ನಿಮ್ಮವ್ವನ ಮಂಡಿನೋವು ಎಲ್ಲ ಮಾತಾಡಿದೆವು. ಆ ಮಾತು ಮಾತ್ರ ನಿನ್ನದು, ನೀನೇ ಮುಗಿಸಬೇಕು ಎಂದು ಕಾದೆ. ಬರಬರುತ್ತಾ ಫೋನೂ ನಿಂತಿತು. ಈಗಲೂ ಪ್ರೆಸ್ಸಿನ ಸದ್ದು ನಿಂತಾಗ ಮೇಜಿನ ಆ ಬದಿಗೇ ನೋಡುತ್ತೇನೆ. ಮೂಡಲಪಾಳ್ಯದ ಮನೆಗೆ ಸೋದರತ್ತೆ ವರಲಕ್ಷ್ಮಿ ಯಾವುದಾದರೂ ಹುಡುಗನ ಫೋಟೋ ತಂದಾಗಲೆಲ್ಲ ಏನೋ ನೆಪ ಹೇಳುತ್ತೇನೆ. “ಯಾರಿಗೋಸ್ಕರ ಕಾಯ್ತಿದೀಯೇ?” ಎಂದು ಮೊನ್ನೆ ನೇರವಾಗಿಯೇ ಕೇಳಿದರು. ಹೇಳಲು ನನ್ನ ಬಳಿ ಅರ್ಧ ಮಾತಷ್ಟೇ ಇತ್ತು.

ಹಳೇ ಸಾಮಾನು ಹಿಂದಿರುಗಿಸಿ ಕೈತೊಳೆದುಕೊಂಡೆಯೋ, ನನ್ನ ಮಾತು ಕೇಳಬೇಕೆಂದು ಕಳಿಸಿದೆಯೋ, ಗೊತ್ತಿಲ್ಲ. ಕಾಯಿದೆ ಪ್ರಕಾರ ಈಗ ಸರದಿ ನನ್ನದು. ಹೂಂ, ವೀರೇಶ. ಅವತ್ತು ಏನು ಕೇಳಲು ಹೊರಟಿದ್ದೆಯೋ ಅದಕ್ಕೆ ಹೂಂ.

ನನ್ನ ಮಾತು ಪೂರ್ತಿ ಮುಗಿಯಿತು. ಟೆಸ್ಟರನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಈ ಸಲ ಕೊರಿಯರ್ ಮಾಡಬೇಡ, ನೀನೇ ತಂದುಕೊಡು.

ಅವ್ವನ ಮಂಡಿ ಬೇಗ ವಾಸಿಯಾಗಲಿ. ನಿನಗೆ ಒಳ್ಳೆಯದಾಗಲಿ.

ಕೇಳಿಸಿಕೊಳ್ಳಲು ಕೂತಿರುವ,
ಚೈತ್ರ