ಕಾಶಿಯಲ್ಲಿ ಬಿಟ್ಟ ರೊಟ್ಟಿ

ಕಾಶಿ
೩ ಡಿಸೆಂಬರ್ ೧೯೭೪

ಮುದ್ದಿನ ಮಗ ಚಿದಾನಂದನಿಗೆ ಅವ್ವನ ತುಂಬು ಆಶೀರ್ವಾದ.

ನೀನು, ಸೊಸೆ, ಮಕ್ಕಳು ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಚಿಕ್ಕವಳ ಕೆಮ್ಮು ಇಳಿಯಿತೇ? ಇಲ್ಲಿ ಚಳಿ ಬಿದ್ದಿದೆ. ಗಂಗೆಗೆ ಕೈ ಇಟ್ಟರೆ ಮರಗಟ್ಟುತ್ತದೆ, ಆದರೂ ನನ್ನ ಬೆಳಗಿನ ಸ್ನಾನ ತಪ್ಪಿಲ್ಲ. ನಿಮ್ಮಪ್ಪನ ಸುದ್ದಿಯನ್ನು ಮಾತ್ರ ಮೊದಲಿನಿಂದ ಹೇಳಬೇಕು. ನಡುವೆ ಎದ್ದು ಹೋಗಬೇಡ.

ಕಾಶಿಗೆ ಬಂದವರು ತಮಗಿಷ್ಟವಾದ ಒಂದು ತಿನಿಸನ್ನು ಇಲ್ಲಿಯೇ ಬಿಡುವ ಪದ್ಧತಿ ನಿನಗೂ ಗೊತ್ತು. ಜಾಣರು ಹಾಗಲಕಾಯಿ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ನಿಮ್ಮಪ್ಪ ಖಡಕ್ ರೊಟ್ಟಿಯನ್ನೇ ಬಿಟ್ಟರು! ಒಂದು ಹೊತ್ತೂ ರೊಟ್ಟಿಯಿಲ್ಲದೆ ಉಂಡವರಲ್ಲ. ನಾವಿಳಿದ ಮಠದಲ್ಲಿ ಎಲ್ಲರೂ ಬೆರಗಾದರು. ಆಮೇಲೆ ಶೇಂಗಾ ಬಿಟ್ಟರು, ಕಬ್ಬು ಬಿಟ್ಟರು, ಕೊನೆಗೆ ಇಲ್ಲಿಯ ಸಿಹಿ ಪೇರಲಹಣ್ಣನ್ನೂ ಬಿಟ್ಟರು. ಪಕ್ಕದ ಕೋಣೆಯ ಹಾಲಯ್ಯನವರು ಬಂದ ಬಂದವರಿಗೆಲ್ಲ "ವೈರಾಗ್ಯ ಅಂದ್ರ ನಮ್ಮ ಸೋಮಲಿಂಗಯ್ಯನವರದು ನೋಡ್ರಿ" ಅನ್ನತೊಡಗಿದರು. ಯಾತ್ರೆಯ ಜನ ಕಾಲಿಗೆ ಬೀಳುವುದು, ಇವರು ಕಣ್ಣುಮುಚ್ಚಿ ಕೈ ಎತ್ತುವುದು. ದಿನಾ ತಾಟು ತೊಳೆಯುವವಳು ನಾನು. ಬಿಟ್ಟದ್ದೆಲ್ಲ ಗಟ್ಟಿ ತಿನಿಸೇ ಎಂಬುದು ನನ್ನ ಕಣ್ಣಿಗೆ ಬಿತ್ತು. ಹೋಳಿಗೆ ಬಿಡಲಿಲ್ಲ, ಪಾಯಸ ಬಿಡಲಿಲ್ಲ, ಗಲ್ಲಿಯ ಕೆನೆಹಾಲಿನ ರಬಡಿಯ ಮಾತಂತೂ ಕೇಳಲೇ ಬೇಡ.

"ರೀ, ಬಾಯಿ ತೆಗೀರಿ" ಅಂದೆ. ತೆಗೆಯಲಿಲ್ಲ. "ಹಲ್ಲು ತಾವ ಬಂದಾವ, ತಾವ ಹೋಗ್ತಾವ. ಗಂಡಸಾದಂವ ಹಲ್ಲು ನೋವು ಅಂತ ಅಳಕೋತ ಡಾಕ್ಟರ ಕಡೆ ಹೋಗೂದೇನ?" ಅಂದರು. ನೋವಿದ್ದರೆ ನಾವು ಹೆಂಗಸರು ನೋಯುತ್ತದೆ ಅನ್ನುತ್ತೇವೆ. ಈ ಗಂಡಸರು ಅದಕ್ಕೊಂದು ದೊಡ್ಡ ಹೆಸರಿಟ್ಟುಕೊಂಡು ಮೆರೆಯುತ್ತಾರೆ. ಘಾಟಿನ ದೋಣಿಯವನು "ಬಾಬಾ, ಗುಲ್ ಮಲಿಯೇ, ದರ್ದ್ ಗಾಯಬ್" ಎಂದು, ತಿಕ್ಕಿದರೆ ನೋವು ಮಾಯವಾಗುತ್ತದಂತೆ, ಸುಟ್ಟ ತಂಬಾಕಿನ ಪುಡಿ ಕೊಟ್ಟ. ತಿಕ್ಕಿಕೊಂಡರು. ತಲೆ ತಿರುಗಿತು, ನೋವು ಇದ್ದಲ್ಲೇ ಇತ್ತು.

ಹೋದ ವಾರ ಕೆನ್ನೆ ಬಾತು ಜ್ವರ ಬಂತು. ಗಂಜಿ ಕುಡಿಯಲೂ ಬಾಯಿ ತೆರೆಯದು, ಬಾವು ಕುತ್ತಿಗೆಗೆ ಇಳಿಯುತ್ತಿತ್ತು. ಆಗಲೂ "ಕಾಶಿಯೊಳಗ ಸತ್ರ ಮುಕ್ತಿ" ಎಂಬ ಮಾತು. "ಮುಕ್ತಿಗೆ ಬಂದೀವಿ ಖರೆ, ಡಾಕ್ಟರಗ ಹೆದರಿ ಸಾಯಾಕ ಬಂದಿಲ್ಲ" ಅಂದೆ. ಆ ಜ್ವರದಲ್ಲೇ ಮಠದ ಪಂಕ್ತಿಗೆ ಬಂದು ಬರಿಯ ತಾಟಿನ ಮುಂದೆ ಕೂತರು. ಹಾಲಯ್ಯನವರು "ಈಗ ಅನ್ನಾನ ಬಿಟ್ಟಾರ, ಶಿವ ಶಿವಾ" ಎಂದು ಕೈಮುಗಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಇನ್ನೂ ಒಂದು ಬಿಡೂದೈತ್ರಿ. ನಾಳೆ ನಮ್ಮವರು ದವಡೆ ಹಲ್ಲು ಬಿಡ್ತಾರ" ಅಂದೆ. ಪಂಕ್ತಿಯೆಲ್ಲ "ಹರ ಹರ ಮಹಾದೇವ" ಅಂದಿತು. ಇವರು ನನ್ನನ್ನು ನೋಡಿದ ನೋಟ ಹೇಳಲಾರೆ. ಆದರೆ ಅಷ್ಟು ಜನರ ಮುಂದೆ ಇಲ್ಲ ಅನ್ನುವುದು ಹೇಗೆ?

ಬೆಳಿಗ್ಗೆ ರಿಕ್ಷಾದಲ್ಲಿ ಇಲ್ಲಿಯ ಲಂಕಾ ಎಂಬ ಪೇಟೆಯ ಹಲ್ಲಿನ ಡಾಕ್ಟರರಲ್ಲಿಗೆ ಹೋದೆವು. ಬೀಳ್ಕೊಡುವವರಂತೆ ಹಾಲಯ್ಯನವರೂ ಬಂದರು. ಇನ್ನು ತಡಮಾಡಿದ್ದರೆ ಜೀವಕ್ಕೇ ಕುತ್ತಿತ್ತು ಎಂದು ಡಾಕ್ಟರರು ಗದರಿಸಿ, ಸೂಜಿ ಚುಚ್ಚಿ, ಕೀವು ತೆಗೆದು ಹಲ್ಲು ಕಿತ್ತರು. ಇಷ್ಟೇನಾ ಎನ್ನುವಂತೆ ನೋಡುತ್ತಿದ್ದ ಹಾಲಯ್ಯನವರು ತಾವೇ ಕುರ್ಚಿ ಹತ್ತಿ, "ಹಮಾರಾ ಭೀ ಏಕ ದೇಖೋ ಜೀ" ಎಂದು ತಮ್ಮದೂ ಒಂದು ಹಲ್ಲು ತೋರಿಸಿದರು!

ಈಗ ಬಾವಿಲ್ಲ, ಜ್ವರವಿಲ್ಲ. ಉಳಿದ ಹಲ್ಲುಗಳಿಂದ ಏನು ಬೇಕಾದರೂ ತಿನ್ನಬಹುದಂತೆ. ಆದರೆ ವಿಶ್ವನಾಥನ ಮುಂದೆ ಬಿಟ್ಟದ್ದು ಬಿಟ್ಟದ್ದೇ. ನಿನ್ನೆ ನಾನು ರೊಟ್ಟಿಯನ್ನು ಕಟಕ್ಕನೆ ಮುರಿದಾಗ ನಿಮ್ಮಪ್ಪ ಮೆಲ್ಲಗೆ "ಇನ್ನೊಂದ ಸಲ ಮುರಿ, ಕೇಳತೀನಿ" ಅಂದರು. ನನಗೆ ನಗು ಬರಲಿಲ್ಲ.

ಗಂಗವ್ವ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಅವ್ವ,
ಶರಣಬಸಮ್ಮ

ತಾ.ಕ.: ಹಾಲಯ್ಯನವರು ಅಂಚೆಗೆ ಹೊರಟು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಊರಿನಿಂದ ಬಂದ ಅನ್ನದಾನಮ್ಮ ಹೇಳಿದಳು, ಮದುವೆಯೂಟದಲ್ಲಿ ನೀನು ಚಕ್ಕುಲಿ ಬದಿಗೆ ಸರಿಸಿ "ನಾ ಅದನ್ನ ಬಿಟ್ಟೇನಿ" ಅಂದೆಯಂತೆ. ನೀನು ಯಾವ ಕಾಶಿಗೆ ಬಂದಿದ್ದೆಯೋ, ಮಗನೇ? ನಾಳೆಯೇ ಗದಗಿಗೆ ಹೋಗಿ ಹಲ್ಲು ತೋರಿಸು. ಸೊಸೆಯನ್ನೂ ಕರೆದುಕೊಂಡು ಹೋಗು. ಒಬ್ಬನೇ ಹೋದರೆ ನೀನು ಅರ್ಧ ದಾರಿಯಲ್ಲೇ ಬಸ್ಸಿಳಿಯುವವನು.