ಆಂತರಿಕ ವಿಷಯ

ದುರ್ಗಿಗುಡಿ, ಶಿವಮೊಗ್ಗ
18–11–2024

ಪ್ರೀತಿಯ ಅಪ್ಪಾಜಿಗೆ, ಮಗಳು ಲಿಖಿತಾಳ ಶರಣು.

ಹೇಗಿದ್ದೀರಿ? ಎಡಗಾಲಿನ ಮಂಡಿನೋವು ಹೇಗಿದೆ? ಚಳಿ ಶುರುವಾಗಿದೆ, ಬೆಳಗಿನ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾನು ಚೆನ್ನಾಗಿದ್ದೇನೆ. ಈ ವರ್ಷ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ನನ್ನ ಪಾಲಿಗೆ ಬಂದಿದೆ, ನೀವು ಮೂವತ್ತು ವರ್ಷ ಮಾಡಿದ ಅದೇ ಪಾಠ. ನಿಮ್ಮ ಹಳೆಯ ನೋಟ್ಸನ್ನೇ ಇಟ್ಟುಕೊಂಡು ಹೇಳುತ್ತಿದ್ದೇನೆ. ಹಾಳೆ ಹಳದಿಯಾಗಿದ್ದರೂ ಅಕ್ಷರ ಮುದ್ದಾಗಿಯೇ ಇದೆ. "ದೇಶಗಳ ಮೇಲೆ ಹೇಳೋರು ಕೇಳೋರು ಯಾರೂ ಇಲ್ಲ ಕಣ್ರೋ, ಅವರವರ ರಕ್ಷಣೆ ಅವರವರೇ ನೋಡ್ಕೋಬೇಕು" ಎಂದು ನೀವು ಮೇಜು ಕುಟ್ಟುತ್ತಿದ್ದಾಗ ಮುಂದಿನ ಬೆಂಚಿನಲ್ಲಿ ಕೂತು ಹೆಮ್ಮೆ ಪಡುತ್ತಿದ್ದವಳು ನಾನು. ಈಗ ನಾನೂ ಮೇಜು ಕುಟ್ಟುತ್ತೇನೆ.

ನಿಮ್ಮ ಕಾಗದ ಶುಕ್ರವಾರ ಬಂತು. ವಾಕಿಂಗ್ ನೆಪದಲ್ಲಿ ಹೋಗಿ ಡಬ್ಬಿಗೆ ಹಾಕಿದೆ ಎಂದು ಬರೆದಿದ್ದೀರಿ. ಭದ್ರಾವತಿಯಿಂದ ಇಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಕಾಗದಕ್ಕೆ ನಾಲ್ಕು ದಿನ ಹಿಡಿಯಿತು ನೋಡಿ. ಸೊಸೆ ಸುಮನಾ ನಿಮ್ಮ ಮೊಬೈಲು ಕಿತ್ತಿಟ್ಟುಕೊಂಡಿದ್ದಾಳೆ, ಹಿಂದಿನ ದಿನದ ರೊಟ್ಟಿ ಹಾಕುತ್ತಾಳೆ, ನಿಮ್ಮ ಮಂಚ ಸ್ಟೋರ್ ರೂಮಿಗೆ ಹೋಗಿದೆ. ಬಚ್ಚಲಲ್ಲಿ ನೀರು ಚೆಲ್ಲಿದ್ದಕ್ಕೆ ವಿಜಯೇಂದ್ರ ಕೆನ್ನೆಗೆ ಹೊಡೆದ. ಅಮ್ಮ ಹೋದ ಮೇಲೆ ಮಗನೇ ಬೇಕೆಂದು ಹೋದಿರಲ್ಲ, ಅದೇ ಮಗ. "ನನ್ನನ್ನ ಕರ್ಕೊಂಡು ಹೋಗಮ್ಮ, ಒಂದು ಮೂಲೇಲಿ ಬಿದ್ದಿರ್ತೀನಿ" ಎಂಬ ಸಾಲಿನ ಹತ್ತಿರ ಇಂಕು ಹರಡಿಹೋಗಿದೆ. ಓದಿ ಅತ್ತುಬಿಟ್ಟೆ. ಎದ್ದು ಹೋಗಿ ಹಿಂದಿನ ಕೋಣೆಯಲ್ಲಿ ಮಂಚ ಹಿಡಿಯುತ್ತದೆಯೇ ಎಂದು ಗೇಣಿನಲ್ಲಿ ಅಳೆದೆ. ಹಿಡಿಯುತ್ತದೆ. ಆಮೇಲೆ ಸಂತೋಷವಾಯಿತು, ಅಪ್ಪಾಜಿ. ಸುಳ್ಳೇಕೆ ಹೇಳಲಿ, ಈ ಹನ್ನೊಂದು ವರ್ಷದಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಹನ್ನೊಂದು ವರ್ಷದ ಲೆಕ್ಕ ನಿಮಗೆ ನೆನಪಿದೆಯೋ ಇಲ್ಲವೋ. ಬಲ ಮೊಣಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊಳೆಹೊನ್ನೂರಿನಿಂದ ಬಸ್ಸು ಹತ್ತಿ ತವರಿಗೆ ಬಂದಿದ್ದೆ. ಗಂಡ ಕೈ ತಿರುಚಿ ಮುರಿದಿದ್ದ. ನೀವು ಓದುತ್ತಿದ್ದ ಪೇಪರನ್ನು ನೀಟಾಗಿ ಮಡಚಿಟ್ಟು, "ಅದು ಅವರ ಮನೆಯ ಆಂತರಿಕ ವಿಷಯ ಕಣಮ್ಮ. ಇನ್ನೊಬ್ಬರ ಹೊಸಿಲು ದಾಟಿ ನಾವು ಹಸ್ತಕ್ಷೇಪ ಮಾಡಂಗಿಲ್ಲ" ಎಂದಿರಿ. ಆಗ ವಿಜಯೇಂದ್ರನಿಗೆ ಹೆಣ್ಣು ನೋಡುತ್ತಿದ್ದಿರಿ, ಗಂಡನ ಮನೆ ಬಿಟ್ಟು ಬಂದ ಮಗಳು ಕಣ್ಣಿಗೆ ಬೀಳಬಾರದಿತ್ತು. ಅದಕ್ಕೆ ಹಿತಾಸಕ್ತಿ ಎನ್ನುತ್ತಾರೆಂದು ನೀವೇ ಕಲಿಸಿದ್ದು. ಸಂಜೆ ಬಸ್ಸಿಗೇ ವಾಪಸ್ಸು. ಹೆಣ್ಣುಮಗಳನ್ನು ಬರಿಮಡಿಲಲ್ಲಿ ಕಳಿಸಬಾರದೆಂದು ಶಾಸ್ತ್ರ ಬೇರೆ! ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ತಟ್ಟೆಯಲ್ಲಿ ತಯಾರಾಯಿತು. ಸೆರಗು ಒಡ್ಡಲು ನನಗಿದ್ದದ್ದು ಒಂದೇ ಕೈ. ಇನ್ನೊಂದು ತುದಿಯನ್ನು ಅಮ್ಮನೇ ಹಿಡಿದುಕೊಂಡು, ಅಮ್ಮನೇ ಅಕ್ಕಿ ಹಾಕಿದಳು. ಐದು ಹಿಡಿ ಸರಿಯಾಗಿ ಆಯಿತೇ ಎಂದು ನೀವು ಪಕ್ಕದಲ್ಲಿ ನಿಂತು ಎಣಿಸಿದಿರಿ.

ಆ ಮನೆಯಲ್ಲಿ ಇನ್ನೂ ಎರಡು ವರ್ಷ ತಿಂದ ಏಟನ್ನೆಲ್ಲ ಬರೆಯುವುದಿಲ್ಲ. ಕೊನೆಗೆ ನಾನೇ ಹೊರಬಿದ್ದೆ. ಮೊಣಕೈ ಇವತ್ತಿಗೂ ಪೂರ್ತಿ ಚಾಚುವುದಿಲ್ಲ, ಕ್ಲಾಸಿನಲ್ಲಿ ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತೇನೆ. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ಬರೆದುಕೊಳ್ಳುತ್ತಾರೆ.

ಈಗ ನಾನು ಭದ್ರಾವತಿಗೆ ಬಂದು ಏನು ಮಾಡಲಿ ಹೇಳಿ. ಅದು ವಿಜಯೇಂದ್ರನ ಮನೆ, ಆ ಹೊಸಿಲೊಳಗೆ ಅವನೇ ಸಾರ್ವಭೌಮ. ಹೊಡೆಯುವುದೂ ಬಿಡುವುದೂ ಅವನಿಗೆ ಬಿಟ್ಟದ್ದು. ಹೊರಗಿನವಳಾದ ನನಗೆ ಕಳವಳ ವ್ಯಕ್ತಪಡಿಸುವ ಅಧಿಕಾರ ಮಾತ್ರ ಇದೆ, ವ್ಯಕ್ತಪಡಿಸಿದ್ದೇನೆ. ಚೆನ್ನಾಗಿ ನೋಡಿಕೊಳ್ಳುತ್ತೇನೆಂದು ಅವನು ಮಾತು ಕೊಟ್ಟಿದ್ದ ಎನ್ನುತ್ತೀರಿ. ಒಪ್ಪಂದ ನಿಲ್ಲುವುದು ಎರಡೂ ಕಡೆ ಬಲವಿದ್ದಾಗ ಎಂದು ನಿಮ್ಮ ನೋಟ್ಸಿನ ಎರಡನೇ ಅಧ್ಯಾಯದಲ್ಲೇ ಇದೆ. ನಿಮ್ಮ ಕಡೆ ಈಗ ಏನಿದೆ? ಮಂಡಿನೋವು. ನಿಮ್ಮಂಥ ಮೇಷ್ಟ್ರಿಗೆ ಇಷ್ಟನ್ನು ನಾನು ಬಿಡಿಸಿ ಹೇಳಬೇಕಾಯಿತಲ್ಲ! ಇಲ್ಲಿಗೆ ಬರಬೇಡಿ. ಬಂದರೆ ಬಾಗಿಲು ತೆಗೆಯುವುದಿಲ್ಲ.

ಸುಮನಾಗೆ ಕೇಳಿದೆನೆಂದು ಹೇಳಿ. ಸ್ವೆಟರ್ ಹಾಕಿಕೊಳ್ಳಿ, ಬಚ್ಚಲಲ್ಲಿ ನೋಡಿಕೊಂಡು ಕಾಲಿಡಿ. ನಿಮ್ಮ ಆಶೀರ್ವಾದ ಎಂದಿನ ಹಾಗೆ ನನ್ನ ಮೇಲಿರಲಿ.

ಇಂತಿ ನಿಮ್ಮ ಮಗಳೂ ವಿದ್ಯಾರ್ಥಿನಿಯೂ ಆದ,
ಲಿಖಿತಾ

ವಿ.ಸೂ.: ಅವಸರದಲ್ಲಿ ಒಂದು ಮಾತು ಬಿಟ್ಟುಹೋಯಿತು. ಇಬ್ಬರ ನಡುವಿನ ತಕರಾರನ್ನು ಆ ಇಬ್ಬರೇ ಕೂತು ಬಗೆಹರಿಸಿಕೊಳ್ಳಬೇಕು, ಮೂರನೆಯವರ ಹತ್ತಿರ ಒಯ್ಯಬಾರದು, ಅಲ್ಲವೇ? ಅದಕ್ಕೇ ಲಕೋಟೆಯ ಮೇಲೆ ವಿಜಯೇಂದ್ರನ ಹೆಸರು ಬರೆದಿದ್ದೇನೆ. ಅವನು ಒಡೆದು ಓದಿ ನಿಮಗೆ ಕೊಡುತ್ತಾನೆ. ನೀವು ಅವನ ಮೇಲೆ ದೂರಿ ನನಗೆ ಬರೆದ ಕಾಗದವನ್ನೂ ಜೊತೆಗೇ ಇಟ್ಟಿದ್ದೇನೆ.