ಕುಂಕುಮ ಇಟ್ಟ ಮರದ ಮೀನು

ಅಪ್ಪಯ್ಯ,

ನಿನ್ನ ಮೇಲೆ ನನಗಿನ್ನೂ ಕೋಪವಿದೆ. ಮಾತು ಬಿಟ್ಟವನು ಒಂದು ಸಲ ಮಾತಾಡಿಸಿಯಾದರೂ ಹೋಗಬೇಕಿತ್ತು. ಆದರೂ ನಿನಗೊಂದು ಸುದ್ದಿ ಹೇಳಲೇಬೇಕು.

ನೆನಪಿದೆಯಾ, ಕೊಡಗಿನ ಕಾಫಿ ತೋಟದ ದೊರೆ ಕಟ್ಟೆಮಳಲವಾಡಿಯ ಹೊಳೆಗೆ ಮರದ ಮೀನು ಎಸೆದು ನಿಜವಾದ ಬಾಳೆಮೀನು ಹಿಡಿದದ್ದು? ಅವನ ಗಾಡಿ ಸರಿಮಾಡಲು ಹೋಗಿದ್ದ ನೀನು ಅದನ್ನೇ ನೋಡುತ್ತ ಕೂತುಬಿಟ್ಟೆ. ಮನೆಗೆ ಬಂದವನೇ ಹಾಲವಾಣದ ಹಗುರ ಮರದ ತುಂಡು ಹಿಡಿದು ಕೆತ್ತತೊಡಗಿದೆ. ಮೊದಲನೆಯದು ಅಂಗಾತ ತೇಲಿತು, ಎರಡನೆಯದು ಮುಳುಗಿಯೇ ಹೋಯಿತು. ಬಲೆ ಬೀಸುವ ಕರಿಯಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಗದ್ದದ ಕೆಳಗೆ ತಗಡಿನ ನಾಲಿಗೆ ಇದ್ದರೆ ಮೀನು ಓಲಾಡುತ್ತದೆ ಎಂದು ಹೊಳೆದ ದಿನ ನೀನು ಅವ್ವನ ಹಿತ್ತಾಳೆ ಸೌಟನ್ನೇ ಕತ್ತರಿಸಿದೆ.

"ಮೀನು ಬರಾದು ಅತ್ಲಾಗಿರ್ಲಿ, ಈಗ ಸಾರು ಯಾವುದ್ರಲ್ಲಿ ಬಡಿಸ್ಲಿ?" ಎಂದು ಅವ್ವ ಕೂಗಾಡಿದ್ದು ಬೀದಿಗೆಲ್ಲ ಕೇಳಿತ್ತು.

ಆರನೆಯ ಮೀನು ಬಚ್ಚಲ ತೊಟ್ಟಿಯಲ್ಲಿ ಬಾಲ ಬಳುಕಿಸಿತು. ಮರ ನೀರು ಕುಡಿಯದಂತೆ ಅರಗು ಬಳಿಯುವುದೊಂದೇ ಬಾಕಿ. ಮಾರನೆಯ ದಿನ ಆಯುಧಪೂಜೆ; ಉಳಿ, ಬಾಚಿಗಳ ಜೊತೆ ನೀನು ಅದನ್ನೂ ಇಟ್ಟಿದ್ದೆ. ನಾನು ಹರಳೆಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಎಲ್ಲಕ್ಕೂ ಹಚ್ಚಿದೆ, ಮೀನಿನ ಕುತ್ತಿಗೆಗೂ. ಅರಗಿಲ್ಲದ ಮರ ಅದನ್ನು ಕುಡಿದುಬಿಟ್ಟಿತು. ಎಷ್ಟು ಉಜ್ಜಿದರೂ ಕೆಂಪು ಹೋಗಲಿಲ್ಲ.

"ಕುಂಕುಮ ಇಕ್ಕಂಡು ತಿರುಗೋ ಮೀನ ಎಲ್ಲಾರ ಕಂಡಿದ್ದೀಯ?" ಎಂದು ಅದನ್ನು ಸೂರಿಗೆ ಸಿಕ್ಕಿಸಿದ ನೀನು ಮತ್ತೆ ನನ್ನ ಕಡೆ ತಿರುಗಲಿಲ್ಲ. ದೀಪಾವಳಿಗೆ ಮುಂಚೆ ಜ್ವರ ನಿನ್ನನ್ನು ಕರೆದುಕೊಂಡು ಹೋಯಿತು. ನಿನ್ನ ಆಸೆ ಕೆಡಿಸಿದವಳು ನಾನೇ ಎಂದು ವರ್ಷವೆಲ್ಲ ಅತ್ತಿದ್ದೇನೆ, ಅಪ್ಪಯ್ಯ. "ಓಗ್ಲಿ ಬುಡವ್ವ" ಎಂದು ಒಂದೇ ಒಂದು ಮಾತು ಅಂದಿದ್ದರೆ...

ಹೋದ ವಾರ ಸೂರಿನಿಂದ ಅದನ್ನು ಇಳಿಸಿದೆ. ಅರಗು ಬಳಿದು, ಗಾಳ, ಹುರಿ ಕಟ್ಟಿ, ಹೊಳೆಗೆ ಹೋದೆ. ಮೂರನೆಯ ಎಸೆತಕ್ಕೆ ಹುರಿ ನನ್ನ ಅಂಗೈ ಕೊಯ್ದುಕೊಂಡು ಓಡಿತು.

"ಬುಡಬ್ಯಾಡ ಕಣವ್ವ!" ಎಂದು ಬಲೆ ಬಿಸಾಕಿ ಓಡಿ ಬಂದವನು ಯಾರು ಗೊತ್ತಾ? ಆ ಕರಿಯಣ್ಣನೇ! ಇಬ್ಬರೂ ಸೇರಿ ಎಳೆದೆವು. ತೋಳುದ್ದದ ಬಾಳೆಮೀನು! ಅದರ ಬಾಯಿಂದ ನಿನ್ನ ಮೀನನ್ನು ಬಿಡಿಸಿ ಅವನು ತಿರುಗಿಸಿ ತಿರುಗಿಸಿ ನೋಡಿದ.

"ಇದ್ನ ಗಾಯ ಆಗಿರೋ ಮರಿಮೀನು ಅಂದ್ಕಂಡದೆ ಕಣವ್ವ. ಈ ಕೆಂಪೇ ಅದ್ನ ಕರ್ದಿರಾದು. ನಂಗೂ ಒಂದು ಮಾಡ್ಕೊಡು."

ನಾಳೆ ಆಯುಧಪೂಜೆ. ನಿನ್ನ ಉಳಿಯ ಪಕ್ಕದಲ್ಲಿ ನಾನೇ ಕೆತ್ತಿದ ಎರಡು ಮೀನುಗಳಿವೆ. ಇನ್ನೂ ಅರಗು ಬಳಿದಿಲ್ಲ, ಅಪ್ಪಯ್ಯ. ಕುಂಕುಮ ಹಚ್ಚಿದ ಮೇಲೆಯೇ ಬಳಿಯುತ್ತೇನೆ.

ನಿನ್ನ ಮಗಳು,
ಪುಟ್ಟಮ್ಮ